ಮೂರನೇ ಪ್ರೂಫು: ‘ಟ್ರಾಕ್ಟರ್‌ಗೆ’ ಬಿಡಬೇಕು, ‘ನನ್ಗೆ’ ಕೂಡಬೇಕು

ತಿಪಟೂರಿನ ಕೊಬ್ಬರಿ ಕಾದಂಬರಿ ಕೊನೆಗೂ ಅಚ್ಚಿಗೆ ಹೋಗುವ ಹಂತಕ್ಕೆ ಬಂತು. ಡೆಮಿ 1/8 ಅಳತೆ, 208 ಪುಟ, ಅಂದರೆ 16 ಪುಟದ 13 ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು). ಮೊದಲೆರಡು ಪ್ರೂಫಿನಲ್ಲಿ ಎಲ್ಲರಿಗೂ ಆಗುವುದೇ ಆಗಿದೆ, ಬಿಡಿ. ಮೂರನೆಯದನ್ನು ಪೂರ್ತಿ ತಿಂದು ಹಾಕಿದ್ದು ಒಂದೇ ತೊಂದರೆ: ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಿಂದ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ ಯೂನಿಕೋಡಿಗೆ ಬಂದಾಗ ಬೇಡದ ಕಡೆ ಹುಟ್ಟಿಕೊಂಡ ಒತ್ತಕ್ಷರ.

ಪುಟ ಜೋಡಿಸುವ ಡಿಟಿಪಿಯವರು ಈಗಲೂ ಹಸ್ತಪ್ರತಿಯನ್ನು ನುಡಿಯಲ್ಲೇ ಕೇಳುತ್ತಾರೆ. ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶ ಬಿಟ್ಟರೆ ಅವರಿಗೆ ಕೈ ಓಡುವುದಿಲ್ಲ. ಅದರ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. ಯೂನಿಕೋಡ್ ಅದಕ್ಕೆ ಒಗ್ಗುವುದಿಲ್ಲ. ಇ-ಪುಸ್ತಕಕ್ಕೆ ಮಾತ್ರ ಯೂನಿಕೋಡೇ ಬೇಕು. ಅದಕ್ಕೇ ಇಡೀ ಕಡತವನ್ನು ಪರಿವರ್ತಿಸಿ ಲಿಬ್ರೆಆಫೀಸ್ ಎಂಬ ಬರವಣಿಗೆ ತಂತ್ರಾಂಶಕ್ಕೆ ತಂದದ್ದು.

ನುಡಿಯ ಹಳೆಯ ಫಾಂಟಿನಲ್ಲಿ ‘ರ್’ ಪಕ್ಕ ‘ಗೆ’ ಇಟ್ಟರೆ ಅವು ಬೇರೆ ಬೇರೆಯಾಗಿಯೇ ಕೂರುತ್ತವೆ. ಅಲ್ಲಿರುವುದು ಬರೀ ಚಿತ್ರ, ಕೂಡುವ ನಿಯಮವಿಲ್ಲ. ಯೂನಿಕೋಡಿನಲ್ಲಿ ಅರ್ಧಾಕ್ಷರದ ಮುಂದೆ ವ್ಯಂಜನ ಬಂದರೆ ಒತ್ತು ತಾನಾಗಿ ಆಗುತ್ತದೆ. ಹಾಗಾಗಿ ‘ಟ್ರಾಕ್ಟರ್‌ಗೆ’ ಹೋಗಿ ‘ಟ್ರಾಕ್ಟರ್ಗೆ’ ಆಯಿತು, ‘ಬಸ್‌ನಲ್ಲಿ’ ‘ಬಸ್ನಲ್ಲಿ’ ಆಯಿತು. ನಡುವೆ ಕಣ್ಣಿಗೆ ಕಾಣದ ಬಿಡಿಸುವ ಅಕ್ಷರ ಒಂದು ಬೇಕು. 200 ಟೈಪಿಸಿ, ಅದಕ್ಕಂಟಿಸಿ ಇಂಗ್ಲಿಷಿನ ಸಿ ಹಾಕಿ, ಆಲ್ಟ್ ಮತ್ತು ಎಕ್ಸ್ ಒತ್ತಿದರೆ ಅದು ಸಿಗುತ್ತದೆ.

‘ನ್ಗೆ’, ‘ಟ್ಗೆ’, ‘ರ್ಗೆ’ ಕಂಡಲ್ಲೆಲ್ಲ ಬಿಡಿಸು ಅಂತ ಒಂದೇ ಏಟಿಗೆ ಕೊಟ್ಟದ್ದು ದೊಡ್ಡ ತಪ್ಪು. ಗ್ರಾಂಥಿಕ ಕನ್ನಡವಾಗಿದ್ದರೆ ಹೆಚ್ಚುಕಮ್ಮಿ ನಡೆಯುತ್ತಿತ್ತು. ಈ ಕಾದಂಬರಿಯ ಜನ ಮಾತಾಡುವುದು ನಮ್ಮ ಸೀಮೆಯ ಮಾತು: ನನ್ಗೆ, ಅವನ್ಗೆ, ಒಟ್ಗೆ, ಊರ್ಗೆ, ಹೊರ್ಗೆ. ಎಲ್ಲವೂ ಒಡೆದು ‘ನನ್‌ಗೆ’, ‘ಹೊರ್‌ಗೆ’ ಆದವು. ಓದಿದರೆ ಪಾತ್ರಗಳು ಉಗ್ಗಿದ ಹಾಗೆ ಕೇಳುತ್ತದೆ. ಆ ಮಾತಿನ ಓಟಕ್ಕಾಗಿಯೇ ಬರೆದ ಸಂಭಾಷಣೆ ಅದು, ಒಂದು ಪದವನ್ನೂ ಬಿಟ್ಟುಕೊಡಲಾಗದು. ಹಳೆಯ ಪ್ರತಿಗೆ ವಾಪಸ್ಸು.

ಎರಡನೇ ಸಲ ಗುರಿಯನ್ನೇ ತಿರುಗಿಸಿದ್ದು ಫಲ ಕೊಟ್ಟಿತು. ಕೂಡಿದ ಅಕ್ಷರವನ್ನು ಹುಡುಕುವ ಬದಲು ಇಂಗ್ಲಿಷಿನಿಂದ ಬಂದ ಪದಗಳನ್ನು ಹುಡುಕುವುದು. ರೆಗ್ಯುಲರ್ ಎಕ್ಸ್‌ಪ್ರೆಷನ್ (ಪದದ ಬದಲು ಪದದ ಮಾದರಿ ಕೊಟ್ಟು ಹುಡುಕುವ ಸೌಲಭ್ಯ) ಆನ್ ಮಾಡಿ ಮೊದಲು

\S*್(ಗೆ|ಗಳ|ನಲ್ಲಿ|ನಿಂದ)\S*

ಕೊಟ್ಟು, ಸಿಕ್ಕಿದ್ದನ್ನೆಲ್ಲ ಒಟ್ಟಿಗೆ ನಕಲು ಮಾಡಿ ಹೊಸ ಕಡತದಲ್ಲಿ ಅಕಾರಾದಿಯಾಗಿ ಜೋಡಿಸಿದರೆ ಪಟ್ಟಿ ಕಣ್ಣಮುಂದೆ. ‘ಬೆನ್ನಲ್ಲಿ’, ‘ಏಳ್ಗೆ’, ‘ದುರ್ಗೆ’ಯೂ ಅದರಲ್ಲಿ ಬರುತ್ತವೆ, ಅವನ್ನು ಮುಟ್ಟಬಾರದು. ಪರಕೀಯ ಪದಗಳನ್ನಷ್ಟೇ ಆರಿಸಿ

(ಬಸ್|ಕಾರ್|ಟ್ರಾಕ್ಟರ್|ಬ್ಯಾಂಕ್)(?=ಗೆ|ಗಳ|ನಲ್ಲಿ|ನಿಂದ)

ಎಂದು ಹುಡುಕಿ, ಬದಲಿಗೆ $1 (ಅಂದರೆ ಸಿಕ್ಕ ಪದವೇ) ಹಾಕಿ ಅದರ ಹಿಂದೆಯೇ ಆ ಕಾಣದ ಅಕ್ಷರ ಅಂಟಿಸಬೇಕು. ಎರಡನೇ ಆವರಣದಲ್ಲಿರುವ ವಿಭಕ್ತಿಯ ಷರತ್ತು ಬಿಟ್ಟರೆ ‘ಕಾರ್ಖಾನೆ’, ‘ಕಾರ್ಮಿಕ’, ‘ಬಸ್ಸು’ ಎಲ್ಲ ಸೀಳಿಹೋಗುತ್ತವೆ. ಅದು ಇದ್ದೇ ಇರಬೇಕು. ‘ಇನ್‌ಸ್ಪೆಕ್ಟರ್’ ಥರದವು ಪದದ ಒಳಗೇ ಅಂಟುವುದರಿಂದ ಒಂದೊಂದಾಗಿ ಕೈಯಲ್ಲೇ ತಿದ್ದಬೇಕು.

ಈ ಪಟ್ಟಿಯಿಂದಲೇ ಮುಂದಿನ ಕಾದಂಬರಿಯ ದಾರಿಯೂ ಸಿಕ್ಕಿತು. ಅದು ಗುಬ್ಬಿ ಕಡೆಯ ನಾಟಕ ಕಂಪನಿಯೊಂದರದು, ಮೊದಲ ಸಾಲಿನಿಂದಲೇ ಯೂನಿಕೋಡ್. ‘ಹೊರ್ಗೆ’ಯೋ ‘ಹೊರಕ್ಕೆ’ಯೋ, ಯಾವ ಪಾತ್ರಕ್ಕೆ ಯಾವುದು, ಎಲ್ಲವೂ ಒಂದೇ ಹಾಳೆಯಲ್ಲಿ ಮೊದಲೇ ಗೊತ್ತಾಗಿರಬೇಕು. ಪರದೆ ಎಳೆಯುವವನ ಮಾತು, ರಾಜಪಾರ್ಟಿನವನ ಮಾತು ಬೇರೆಬೇರೆ. ಮೂರನೇ ಪ್ರೂಫಿನಲ್ಲಿ ಯೋಚಿಸುವ ವಿಷಯ ಅಲ್ಲವೇ ಅಲ್ಲ.

ಬಿಡಿಸಿದ ಪದ ಅಗಲವಾಗುತ್ತದೆ, ಯಾಕೆಂದರೆ ಕೆಳಗಿದ್ದ ಒತ್ತು ಪಕ್ಕಕ್ಕೆ ಬರುತ್ತದೆ. ಸಾಲು ಸರಿದು ಸರಿದು ಕೊನೆಯ ಅಧ್ಯಾಯ 209ನೇ ಪುಟಕ್ಕೆ ಇಳಿಯಿತು. ಒಂದು ಪುಟಕ್ಕಾಗಿ ಹೊಸ ಫಾರಂ ತೆರೆಯಲಾಗದು. ಅಕ್ಷರದ ಗಾತ್ರ ಇಳಿಸುವುದು ಓದುಗರಿಗೆ ಅನ್ಯಾಯ. ಎರಡೇ ಸಾಲು ಇರುವ ಪುಟದಲ್ಲಿ ಮುಗಿಯುವ ಅಧ್ಯಾಯ ಹುಡುಕಿದಾಗ ಒಂಬತ್ತನೆಯದು ಸಿಕ್ಕಿತು. ಅಲ್ಲಿ ಕೊಬ್ಬರಿ ಅಟ್ಟದ ವಾಸನೆಯ ವರ್ಣನೆ ಎರಡು ಸಲ ಬಂದಿತ್ತು. ಎರಡನೆಯದು ಹೋಯಿತು, ಪುಟವೂ ಉಳಿಯಿತು.

ಕಾಗದದವರು ಮಾದರಿಗೆ ಕೊಟ್ಟದ್ದು ಹಳದಿ ಛಾಯೆಯ 70 ಜಿಎಸ್ಎಂ (ಚದರ ಮೀಟರಿಗೆ 70 ಗ್ರಾಂ) ಮ್ಯಾಪ್‌ಲಿಥೋ ಮುದ್ರಣ ಕಾಗದ, ಕಳಿಸಿದ್ದು ಅಚ್ಚ ಬಿಳಿ. ಸರಕು ಬದಲಾಗಿ ಬರಬೇಕು. ಬಂದಮೇಲೆ ಅದೇ ಕಾಗದದ 104 ಹಾಳೆ ಒತ್ತಿಹಿಡಿದು ದಪ್ಪ ಅಳೆಯುವವರೆಗೆ ಮುಖಪುಟದ ಬೆನ್ನಿನ ಅಗಲ ಕಲಾವಿದರಿಗೆ ಕೊಡುವಂತಿಲ್ಲ.