ಚಕ್ರ ನೇತಾಡುವಾಗ ಪೈಪಿನ ಅಳತೆ ತೆಗೆಯಬೇಡಿ

ಎರಡು ಕಂಬದ ಲಿಫ್ಟ್ ಮೇಲೆ ಗಾಡಿ ಏರಿಸಿ ಸೈಲೆನ್ಸರ್ ಪೈಪಿಗೆ ಅಳತೆ ತೆಗೆ ಅಂದರೆ ಈಗ ನಾನು ಒಪ್ಪುವುದಿಲ್ಲ. ಲಿಫ್ಟ್ ಮೇಲೆ ಚಕ್ರಗಳು ನೇತಾಡುತ್ತಿರುತ್ತವೆ. ಹಿಂದಿನ ಚಕ್ರಗಳ ಆಕ್ಸಲ್‌ಗೂ ಗಾಡಿಯ ಫ್ಲೋರ್‌ಗೂ ನಡುವೆ ಧಾರಾಳ ಜಾಗ ಕಾಣುತ್ತದೆ. ಗಾಡಿ ನೆಲಕ್ಕಿಳಿದು, ಹಿಂದೆ ಮೂರು ಜನ ಕೂತು ಹಂಪ್ ಹಾರಿಸಿದರೆ ಆ ಜಾಗ ಇರುವುದೇ ಇಲ್ಲ.

ನಾನು ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಹಳೇ ಕಾರುಗಳ ಫ್ಯಾಬ್ರಿಕೇಶನ್ ನೋಡಿಕೊಳ್ಳುತ್ತೇನೆ. ಈ ಹಟ ಹಿಡಿದದ್ದು ಒಂದು ಅಂಬಾಸಿಡರ್ ಆದಮೇಲೆ. ಅಂಬಾಸಿಡರ್‌ಗೆ ಹಿಂದೆ ಕಮಾನು ಪಟ್ಟಿ, ಅಂದರೆ ಲೀಫ್ ಸ್ಪ್ರಿಂಗ್. ಎರಡು ಪಟ್ಟಿಗಳ ನಡುವೆ ಪೈಪಿಗೆ ಬೇಕಾದಷ್ಟು ದಾರಿ ಇರುತ್ತದೆ. ಆದರೆ ಮಾಲೀಕರಿಗೆ ಪಟ್ಟಿ ಬೇಡವಾಗಿತ್ತು. ಅದರ ಬದಲು ಫೋರ್ ಲಿಂಕ್ (ಆಕ್ಸಲ್ ಹಿಡಿಯುವ ನಾಲ್ಕು ರಾಡ್), ಕಾಯಿಲ್‌ಓವರ್ (ಶಾಕ್ ಅಬ್ಸಾರ್ಬರ್ ಸುತ್ತ ಕೂರುವ ಕಾಯಿಲ್ ಸ್ಪ್ರಿಂಗ್), ಪ್ಯಾನ್‌ಹಾರ್ಡ್ ರಾಡ್ (ಒಂದು ತುದಿ ಬಾಡಿಗೆ, ಇನ್ನೊಂದು ಆಕ್ಸಲ್‌ಗೆ ಕೂರುವ ಅಡ್ಡ ರಾಡ್) ಬೇಕು, ಗಾಡಿ 2 ಇಂಚು ತಗ್ಗಬೇಕು ಅಂದರು. ಸಸ್ಪೆನ್ಶನ್ ಹುಡುಗರು ಒಳ್ಳೇ ಕೆಲಸ ಮಾಡಿದ್ದರು. ಬ್ರಾಕೆಟ್‌ಗಳೆಲ್ಲ ಫುಲ್ ವೆಲ್ಡ್ ಆಗಿ, ಪೇಂಟ್ ಆಗಿ, ಬ್ರೇಕ್ ಹೋಸ್ ಕೂತ ಮೇಲೆ ಜಾಬ್ ಕಾರ್ಡ್ ನನ್ನ ಕೈಗೆ ಬಂತು. ಆ ಕಾರ್ಡಿನಲ್ಲಿ ಎಕ್ಸಾಸ್ಟ್, ಅಂದರೆ ಸೈಲೆನ್ಸರ್ ಪೈಪಿನ ಕೆಲಸ, ನಮ್ಮಲ್ಲಿ ಯಾವತ್ತೂ ಕೊನೇ ಸಾಲು. ಉಳಿದ ಸಂದಿಯಲ್ಲಿ ತೂರಿಸು ಅಂತ ಅರ್ಥ.

ಆಕ್ಸಲ್ ಕೆಳಗೆ ಪೈಪ್ ಬಿಡೋಣ ಅಂದರೆ ನಮ್ಮ ಹಂಪ್‌ಗಳು ಬಿಡುವುದಿಲ್ಲ. ಚಕ್ರದ ಮುಂದೆಯೇ ಎಡಕ್ಕೆ ತಿರುಗಿಸಿ ಮುಗಿಸೋಣ ಅಂದರೆ ಹೊಗೆ ಎಡಕ್ಕೆ ಬಿಡುವಂತಿಲ್ಲ, ಕೇಂದ್ರ ಮೋಟಾರು ವಾಹನ ನಿಯಮ ಹಾಗಿದೆ. ಬಲಕ್ಕೆ ಬಿಟ್ಟರೆ ಹೊಗೆ ಡ್ರೈವರ್ ಕಿಟಕಿಗೆ. ಹಾಗಾಗಿ ಆಕ್ಸಲ್ ಮೇಲಿಂದಲೇ ಪೈಪಿನ ಕಮಾನು ಹಾಕಿದೆ. 304 ಸ್ಟೇನ್‌ಲೆಸ್, ಮ್ಯಾಂಡ್ರೆಲ್ ಬೆಂಡ್, ಟಿಗ್ ವೆಲ್ಡ್. ಗಾಡಿಯನ್ನು ನೆಲಕ್ಕಿಳಿಸಿ ನೋಡಿದಾಗ ಆಕ್ಸಲ್ಲಿನ ಹೊರಕವಚ, ಅಂದರೆ ಹೌಸಿಂಗ್‌ನಿಂದ ಒಂದು ಬೆರಳು ದೂರ ಇತ್ತು. ಸಾಕು ಅನ್ನಿಸಿತು.

ಟೆಸ್ಟ್ ಡ್ರೈವ್ ಹೋದದ್ದು ಕನಕಪುರ ರಸ್ತೆಗೆ. ಹಿಂದಿನ ಸೀಟಿನಲ್ಲಿ ಇಬ್ಬರು, ಡಿಕ್ಕಿಯಲ್ಲಿ ಮರಳಿನ ಚೀಲ. ಶುರುವಿನಲ್ಲಿ ಸದ್ದೇ ಇಲ್ಲ. ಪೈಪ್ ಚೆನ್ನಾಗಿ ಕಾದ ಮೇಲೆ ಒಂದು ಹಂಪ್‌ನಲ್ಲಿ ಟಣ್ ಅಂತು. ಮುಂದಿನದರಲ್ಲಿ ಮತ್ತೆ. ಪ್ಯಾನ್‌ಹಾರ್ಡ್ ಬುಷ್ ಸಡಿಲ ಇರಬೇಕು ಅಂದುಕೊಂಡು ಓಡಿಸುತ್ತಾ ಹೋದೆ. ಆ ಮೇಲೆ ರಬ್ಬರ್ ಸುಟ್ಟ ವಾಸನೆ ಬಂತು.

ಪಕ್ಕಕ್ಕೆ ಹಾಕಿ ಟಾರ್ಚ್ ಹಿಡಿದು ಕೆಳಗೆ ಬಗ್ಗಿದೆ. ಆ ಎತ್ತರದ ಗಾಡಿ ಕೆಳಗೆ ತಲೆಯೇ ತೂರುವುದಿಲ್ಲ. ಪೈಪ್ ಮುಟ್ಟುವ ಹಾಗಿಲ್ಲ. ಸುಟ್ಟದ್ದು ಬಂಪ್ ಸ್ಟಾಪೋ (ಆಕ್ಸಲ್ ಮೇಲೆದ್ದಾಗ ತಡೆಯುವ ರಬ್ಬರ್), ಬ್ರೇಕ್ ಹೋಸೋ ಗೊತ್ತಾಗುತ್ತಿಲ್ಲ. ಹಿಂದೆ ಕೂತಿದ್ದ ಹುಡುಗ ಬ್ರೇಕ್ ಪೆಡಲ್ ಒತ್ತಿ ಹಿಡಿದು ಕೂತ. ಹೋಸ್ ಸೋರಿದರೆ ಪೆಡಲ್ ಇಳಿಯುತ್ತದೆ. ಪೆಡಲ್ ಕೆಳಗಿಳಿಯುತ್ತದಾ ಅಂತ ನಾನು ಕೇಳುತ್ತಲೇ ಇದ್ದೆ. ಇಲ್ಲಣ್ಣ, ಗಟ್ಟಿ ಇದೆ ಅಂದ. ಪೈಪ್ ತಣಿಯುವವರೆಗೆ ಅಲ್ಲೇ ಕಾದೆವು. ಕನ್ನಡಿ ತೂರಿಸಿ ನೋಡಿದರೆ ಹೋಸಿನ ಹೊರಮೈ ಕರಗಿ ಹೊಳೆಯುತ್ತಿತ್ತು. ಇನ್ನೊಂದಷ್ಟು ದೂರ ಹೋಗಿದ್ದರೆ ಆ ಇಬ್ಬರ ಜೀವ ನನ್ನ ಕೈಯಲ್ಲಿ ಇರುತ್ತಿರಲಿಲ್ಲ. ಟೋಯಿಂಗ್ ಕರೆಸಿದೆ. ಗಾಡಿ ಓಡಿಸಿಕೊಂಡೇ ಬರಬಹುದಿತ್ತಲ್ಲ ಅಂತ ಮ್ಯಾನೇಜರ್ ಫೋನಿನಲ್ಲೇ ಕೂಗಾಡಿದರು. ಆ ಮಾತಿಗೆ ನನಗೆ ಇವತ್ತಿಗೂ ಸಿಟ್ಟಿದೆ.

ಕಾರಣ ಒಂದೇ ಅಲ್ಲ. ಎಂಜಿನ್‌ನಿಂದ ಆಕ್ಸಲ್‌ವರೆಗೆ ಸುಮಾರು 2 ಮೀಟರ್ ಪೈಪ್. ಬಿಸಿ 300 ಡಿಗ್ರಿ ಏರಿದರೆ 304 ಸ್ಟೇನ್‌ಲೆಸ್ ಅಷ್ಟು ಉದ್ದದಲ್ಲಿ 10 ಮಿಲಿಮೀಟರ್ ಬೆಳೆಯುತ್ತದೆ. ಮೈಲ್ಡ್ ಸ್ಟೀಲ್ ಆದರೆ 7. ಮುಂದೆ ಡೌನ್‌ಪೈಪ್ ಎಂಜಿನ್‌ಗೆ ಕಚ್ಚಿಕೊಂಡಿದೆ, ಬೆಳೆದದ್ದೆಲ್ಲ ಹಿಂದಕ್ಕೇ ತಳ್ಳಬೇಕು. ಅಂದರೆ ಕಮಾನಿನ ಮುಂಗಾಲು ಹೌಸಿಂಗ್ ಕಡೆಗೆ ಬಂತು. ತಣ್ಣಗಿದ್ದಾಗ ಸದ್ದು ಬರದೇ ಇದ್ದದ್ದು ಅದಕ್ಕೇ. ಇನ್ನೊಂದು, ಪ್ಯಾನ್‌ಹಾರ್ಡ್ ರಾಡ್ ಇದ್ದರೆ ಆಕ್ಸಲ್ ನೇರವಾಗಿ ಮೇಲೇಳುವುದಿಲ್ಲ, ಪಕ್ಕಕ್ಕೂ ಜರುಗುತ್ತದೆ. ರಾಡ್ ಮಟ್ಟವಾಗಿದ್ದರೆ ಜರುಗುವುದು ಕಡಿಮೆ. ಗಾಡಿ ತಗ್ಗಿಸಿದ ಮೇಲೆ ಇಲ್ಲಿ ರಾಡ್ ಓರೆಯಾಗಿತ್ತು. 900 ಮಿಲಿಮೀಟರ್ ರಾಡ್ ಆಕ್ಸಲ್ ತುದಿಯಲ್ಲಿ ಆಗಲೇ 50 ಮಿಲಿಮೀಟರ್ ಮೇಲಿದ್ದು, ಇನ್ನೂ 60 ಏರಿದರೆ ಆಕ್ಸಲ್ 5 ಮಿಲಿಮೀಟರ್‌ಗಿಂತ ಜಾಸ್ತಿ ಪಕ್ಕಕ್ಕೆ ಹೋಗುತ್ತದೆ. ಹೋಸ್ ಹೋಗಿ ಪೈಪಿಗೆ ತಾಗಿದ್ದು ಹಾಗೆ.

ಕಮಾನು ಕತ್ತರಿಸಿ ಹಾಕಿದೆ. ಕಾಯಿಲ್ ಬಿಚ್ಚಿ, ಜ್ಯಾಕ್‌ನಿಂದ ಆಕ್ಸಲ್ಲನ್ನು ಬಂಪ್ ಸ್ಟಾಪ್ ಮುಟ್ಟುವವರೆಗೆ ಎತ್ತಿದೆ. ಮೊದಲು ಎರಡೂ ಕಡೆ, ಆಮೇಲೆ ಎಡ ಮಾತ್ರ, ಬಲ ಮಾತ್ರ. ಪೈಪಿನ ಮೇಲೆ ಜೇಡಿಮಣ್ಣಿನ ಉಂಡೆ ಅಂಟಿಸಿದೆ. ಉಂಡೆ ಎಲ್ಲಿ ಎಷ್ಟು ಚಪ್ಪಟೆ ಆಯಿತೋ ಅದೇ ಅಳತೆ. ಪೂರ್ತಿ ಎತ್ತಿದಾಗಲೂ 20 ಮಿಲಿಮೀಟರ್ ಉಳಿಯಲೇಬೇಕು, ಹಿಂದಕ್ಕೆ ಬೆಳೆಯುವ ಕಡೆ ಇನ್ನೂ 10 ಸೇರಿಸಬೇಕು. ಹೋಸ್ ಹೊಸದು ಹಾಕಿ ಆಚೆ ಬದಿಗೆ ಒಯ್ದೆ. ಆಕ್ಸಲ್ ಮುಂದೆ ಒಂದು ವಿ-ಬ್ಯಾಂಡ್, ಅಂದರೆ ಪೈಪ್ ಬಿಚ್ಚಿ ಜೋಡಿಸುವ ಕ್ಲಾಂಪ್, ಕೊಟ್ಟೆ. ಇಲ್ಲದಿದ್ದರೆ ಮುಂದೆ ಯಾರೋ ಆಕ್ಸಲ್ ಇಳಿಸಲು ನನ್ನ ವೆಲ್ಡ್ ಕತ್ತರಿಸಬೇಕು.

ನನ್ನ ಬೇಡಿಕೆ ಸಣ್ಣದು. ಲಿಂಕ್ ಬ್ರಾಕೆಟ್‌ಗಳು ಬರೀ ಟ್ಯಾಕ್ (ಚುಕ್ಕಿ ವೆಲ್ಡ್) ಆಗಿರುವಾಗಲೇ ಎಕ್ಸಾಸ್ಟ್ ಮಾಡುವವನನ್ನು ಕರೆಯಿರಿ. ಆಗ ಪ್ಯಾನ್‌ಹಾರ್ಡ್ ಮೌಂಟನ್ನು ಒಂದಿಂಚು ಸರಿಸಲು ಹತ್ತು ನಿಮಿಷ ಸಾಕು. ಜಾಬ್ ಕಾರ್ಡಿನ ಸಾಲು ಬದಲಾಯಿಸಿ ಅಂತ ಮ್ಯಾನೇಜರ್‌ಗೆ ಬರೆದು ಕೊಟ್ಟಿದ್ದೇನೆ. ನೋಡೋಣ ಅಂದಿದ್ದಾರೆ. ಅಲ್ಲಿಯವರೆಗೆ ಸಸ್ಪೆನ್ಶನ್ ಹುಡುಗರೇ ಪೇಂಟ್‌ಗೆ ಮೊದಲು ನನ್ನನ್ನು ಕೂಗುತ್ತಾರೆ.