ಬೆಳದಿಂಗಳಲ್ಲಿ ಬಯಲಾಗುವ ಕಡಲ್ಗಳ್ಳರು

ದಕ್ಷಿಣ ಕ್ಯಾಲಿಫೋರ್ನಿಯಾದ ಅನೇಕ ಊರುಗಳಲ್ಲಿ ಬೇಸಿಗೆಯ ಸಂಜೆ ಉದ್ಯಾನಗಳಲ್ಲಿ ದೊಡ್ಡ ಪರದೆ ಕಟ್ಟಿ ಉಚಿತವಾಗಿ ಚಲನಚಿತ್ರ ತೋರಿಸುವ ವಾಡಿಕೆಯಿದೆ. ಮಡಚುವ ಕುರ್ಚಿ, ಹೊದಿಕೆಗಳೊಂದಿಗೆ ಬಂದ ಕುಟುಂಬಗಳು ಹುಲ್ಲಿನ ಮೇಲೆ ಜಾಗ ಹಿಡಿಯುತ್ತವೆ. ಕತ್ತಲಾಗುವವರೆಗೆ ಪ್ರದರ್ಶನ ಆರಂಭವಾಗುವುದಿಲ್ಲವಾದ್ದರಿಂದ ಮಕ್ಕಳು ಅಲ್ಲಿಯೇ ಆಡಿಕೊಂಡಿರುತ್ತಾರೆ. ಇಲ್ಲಿ ಬಂದು ನೆಲೆಸಿದ ಮೇಲೆ ಇಂಥ ಸಂಜೆಗಳಲ್ಲಿ ನಾನು ಗಮನಿಸಿದ ಸಂಗತಿಯೆಂದರೆ, 2003ರಲ್ಲಿ ತೆರೆಕಂಡ ‘ಪೈರೇಟ್ಸ್ ಆಫ್ ದಿ ಕೆರಿಬಿಯನ್: ದಿ ಕರ್ಸ್ ಆಫ್ ದಿ ಬ್ಲ್ಯಾಕ್ ಪರ್ಲ್’ ಚಿತ್ರಕ್ಕೆ ಇಂದಿಗೂ ಮೂರು ತಲೆಮಾರಿನವರು ಒಟ್ಟಿಗೆ ಬಂದು ಕೂರುತ್ತಾರೆ. ಚಿತ್ರ ಬಂದಾಗ ಹುಟ್ಟಿರದ ಮಕ್ಕಳಿಗೂ ಅದು ಹಳತೆನಿಸುವುದಿಲ್ಲ. ಇದಕ್ಕೆ ಕಾರಣ ಕೇವಲ ನೆನಪಿನ ಮೋಹವಲ್ಲ, ಆ ಕಥೆಯನ್ನು ಹೆಣೆದ ರೀತಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಚಿತ್ರದ ಮೂಲ ಕಾದಂಬರಿಯಲ್ಲ, ಒಂದು ದೋಣಿ ಸವಾರಿ. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲೇ ಇರುವ ಅನಾಹೈಮ್ ನಗರದ ಡಿಸ್ನಿಲ್ಯಾಂಡ್‌ನಲ್ಲಿ 1967ರ ಮಾರ್ಚ್‌ನಲ್ಲಿ ಆರಂಭವಾದ ಆ ಸವಾರಿಯ ರಚನೆಯನ್ನು ವಾಲ್ಟ್ ಡಿಸ್ನಿ ಸ್ವತಃ ನೋಡಿಕೊಂಡಿದ್ದರು. ಅದು ಜನರಿಗೆ ತೆರೆದುಕೊಳ್ಳುವ ಮೊದಲೇ, 1966ರ ಡಿಸೆಂಬರ್‌ನಲ್ಲಿ, ಅವರು ತೀರಿಕೊಂಡರು. ದೋಣಿಯಲ್ಲಿ ಕುಳಿತು ಕತ್ತಲೆಯ ಕಾಲುವೆಯಲ್ಲಿ ಸಾಗುವಾಗ, ಸೆರೆಮನೆಯ ಕಂಬಿಗಳ ಹಿಂದಿನ ಕೈದಿಗಳು ಬಾಯಲ್ಲಿ ಕೀಲಿಕೈ ಕಚ್ಚಿಕೊಂಡು ಕೂತಿರುವ ನಾಯಿಯೊಂದನ್ನು ಪುಸಲಾಯಿಸುವ ದೃಶ್ಯ ಎದುರಾಗುತ್ತದೆ. ಚಿತ್ರದಲ್ಲಿಯೂ ಅದೇ ನಾಯಿ, ಅದೇ ಕೀಲಿಕೈ ಬರುತ್ತವೆ. ಸವಾರಿ ಮುಗಿಸಿ ಬಂದ ಮಗು ಪರದೆಯ ಮೇಲೆ ಆ ನಾಯಿಯನ್ನು ಗುರುತಿಸಿ ಕೂಗುವುದನ್ನು ಕಂಡರೆ, ಇಲ್ಲಿನ ಕುಟುಂಬಗಳಿಗೆ ಈ ಚಿತ್ರ ಏಕೆ ಮನೆಯದೆನಿಸುತ್ತದೆ ಎಂಬುದು ತಿಳಿಯುತ್ತದೆ.

ಆದರೂ ಚಿತ್ರ ತಯಾರಾಗುತ್ತಿದ್ದಾಗ ಅದರ ಮೇಲೆ ಹೆಚ್ಚಿನವರಿಗೆ ಭರವಸೆ ಇರಲಿಲ್ಲ. 1995ರಲ್ಲಿ ಬಂದಿದ್ದ ಇನ್ನೊಂದು ಕಡಲ್ಗಳ್ಳರ ಚಿತ್ರ ಭಾರಿ ನಷ್ಟ ಅನುಭವಿಸಿದ್ದರಿಂದ ಈ ಬಗೆಯ ಕಥೆಗಳ ಕಾಲ ಮುಗಿಯಿತೆಂದೇ ಹಾಲಿವುಡ್ ನಂಬಿತ್ತು. ನಟ ಜಾನಿ ಡೆಪ್ ತಮ್ಮ ಪಾತ್ರವಾದ ಕಡಲ್ಗಳ್ಳ ಜ್ಯಾಕ್ ಸ್ಪ್ಯಾರೋಗೆ ರೋಲಿಂಗ್ ಸ್ಟೋನ್ಸ್ ಎಂಬ ರಾಕ್ ಸಂಗೀತ ತಂಡದ ಕೀತ್ ರಿಚರ್ಡ್ಸ್ ಅವರ ಹಾವಭಾವವನ್ನು ಮಾದರಿಯಾಗಿ ಇಟ್ಟುಕೊಂಡದ್ದು ಸ್ಟುಡಿಯೋದ ಅಧಿಕಾರಿಗಳನ್ನು ಇನ್ನಷ್ಟು ಚಿಂತೆಗೀಡುಮಾಡಿತ್ತು. ಕೊನೆಗೆ ಗೋರ್ ವರ್ಬಿನ್‌ಸ್ಕಿ ನಿರ್ದೇಶನದ ಈ ಚಿತ್ರ ಜಗತ್ತಿನಾದ್ಯಂತ 65 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು, ಡೆಪ್ ಅವರ ಹೆಸರು ಅತ್ಯುತ್ತಮ ನಟ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು.

ಎಲ್ಲರೂ ಜ್ಯಾಕ್ ಸ್ಪ್ಯಾರೋನನ್ನೇ ಹೊಗಳುತ್ತಾರೆ. ನನಗೆ ಮಾತ್ರ ಈ ಚಿತ್ರದ ಜೀವ ಖಳನಾಯಕ ಬಾರ್ಬೊಸ್ಸನಲ್ಲಿದೆ ಎನಿಸುತ್ತದೆ. ಮೆಕ್ಸಿಕೋದ ಪ್ರಾಚೀನ ಅಜ್ಟೆಕ್ ಜನರ 882 ಚಿನ್ನದ ನಾಣ್ಯಗಳನ್ನು ದೋಚಿದ ಪಾಪಕ್ಕೆ ಅವನಿಗೂ ಅವನ ಕಡೆಯವರಿಗೂ ಸಾವಿಲ್ಲದ ಶಾಪ ತಟ್ಟಿದೆ. ಅವರಿಗೆ ಹಸಿವಿದೆ, ತಿಂದರೆ ರುಚಿಯಿಲ್ಲ, ಬಾಯಾರಿಕೆಯಿದೆ, ಕುಡಿದರೆ ತಣಿಯುವುದಿಲ್ಲ. ಜ್ಯಾಫ್ರಿ ರಷ್ ಅಭಿನಯಿಸಿದ ಈ ಕಪ್ತಾನನಿಗೆ ಬೇಕಾಗಿರುವುದು ರಾಜ್ಯವಲ್ಲ, ಸೇಡಲ್ಲ. ಶಾಪ ಕಳೆದ ದಿನ ಹಸಿರು ಸೇಬುಗಳನ್ನು ಬುಟ್ಟಿಗಟ್ಟಲೆ ತಿನ್ನಬೇಕೆಂಬುದು ಅವನ ಆಸೆ. ಐದು ವರ್ಷದ ಮಗುವಿಗೆ ಅಧಿಕಾರದ ದಾಹ ಅರ್ಥವಾಗದಿರಬಹುದು, ಆದರೆ ಎದುರಿಗಿರುವ ಹಣ್ಣಿನ ರುಚಿ ನಾಲಿಗೆಗೆ ಹತ್ತದಿರುವುದು ಎಂಥ ಶಿಕ್ಷೆ ಎಂಬುದು ತಕ್ಷಣ ಅರ್ಥವಾಗುತ್ತದೆ. ಅವನು ಹಡಗಿನ ಮೇಲಟ್ಟದಲ್ಲಿ ಬೆಳದಿಂಗಳಿಗೆ ಮೈಯೊಡ್ಡಿ ಎಲುಬಿನ ಹಂದರವಾಗಿ ನಿಂತು, ಸೀಸೆಯ ಮದ್ಯವನ್ನು ಗಂಟಲಿಗೆ ಸುರಿದುಕೊಂಡಾಗ ಅದು ಪಕ್ಕೆಲುಬುಗಳ ನಡುವಿನಿಂದ ಹಾಗೆಯೇ ಕೆಳಗೆ ಸೋರಿಹೋಗುತ್ತದೆ. ಉದ್ಯಾನದ ಸಂಜೆಯೊಂದರಲ್ಲಿ ನನ್ನ ಪಕ್ಕದಲ್ಲಿದ್ದ ನೆರೆಮನೆಯ ಹುಡುಗಿ ಈ ದೃಶ್ಯಕ್ಕೆ ಹೆದರಿ ತಂದೆಯ ತೋಳು ಹಿಡಿದವಳು, ಮರುಕ್ಷಣವೇ, ಹಾಗಾದರೆ ಅವನಿಗೆ ಪಾಪ ಇನ್ನೂ ಬಾಯಾರಿಕೆಯೇ ಎಂದು ಕೇಳಿದಳು. ಭಯ ಮತ್ತು ಮರುಕಗಳು ಒಂದೇ ಉಸಿರಿನಲ್ಲಿ ಬರುವಂತೆ ಮಾಡಿದ ಕುಟುಂಬ ಚಿತ್ರಗಳು ಹೆಚ್ಚಿಲ್ಲ.

ಆ ಭಯಕ್ಕೊಂದು ನಿಯಮವೂ ಇದೆ. ಅಸ್ಥಿಪಂಜರಗಳು ಎಲ್ಲೆಂದರಲ್ಲಿ ಎದ್ದು ಬರುವುದಿಲ್ಲ, ಬೆಳದಿಂಗಳು ಬಿದ್ದಲ್ಲಿ ಮಾತ್ರ ಕಾಣುತ್ತವೆ. ಈ ನಿಯಮ ಒಮ್ಮೆ ತಿಳಿದ ಮಕ್ಕಳು ಮೋಡ ಸರಿಯುವುದನ್ನೇ ಕಾಯುತ್ತ, ಹೆದರಿಕೆಗೆ ಮೊದಲೇ ಸಿದ್ಧರಾಗಿ ಕೂರುತ್ತಾರೆ. ಕೊನೆಯ ಗುಹೆಯ ಕಾಳಗದಲ್ಲಿ ಕತ್ತಿ ತಗುಲಿದ ಜ್ಯಾಕ್ ಹಿಂದೆ ಸರಿದು ಬೆಳಕಿಗೆ ಬಂದಾಗ ಅವನೂ ಎಲುಬಾಗಿರುತ್ತಾನೆ, ಬೆರಳುಗಳ ನಡುವೆ ಕದ್ದ ನಾಣ್ಯವೊಂದು ಹೊರಳುತ್ತಿರುತ್ತದೆ. ಅವನು ಏನು ಮಾಡಿದ್ದಾನೆಂದು ಯಾರೂ ವಿವರಿಸಬೇಕಾಗಿಲ್ಲ. ಉತ್ತರವನ್ನು ಮಕ್ಕಳೇ ದೊಡ್ಡವರಿಗಿಂತ ಮೊದಲು ಕಂಡುಕೊಳ್ಳುತ್ತಾರೆ. ಹತ್ತು ವರ್ಷದಿಂದ ಅವನು ಕಾಯ್ದುಕೊಂಡು ಬಂದ ಒಂದೇ ಗುಂಡಿನ ಪಿಸ್ತೂಲಿನ ಮಾತೂ ಹಾಗೆಯೇ: ಕಥೆಯ ಮೊದಲ ಭಾಗದಲ್ಲಿ ತೋರಿಸಿದ್ದು ಕೊನೆಯಲ್ಲಿ ಲೆಕ್ಕ ತಪ್ಪದೆ ಕೆಲಸಕ್ಕೆ ಬರುತ್ತದೆ.

ಕತ್ತಿವರಸೆಯ ವಿಷಯವನ್ನು ಬಿಡಲಾಗದು. ಕುಲುಮೆಯಲ್ಲಿ ಜ್ಯಾಕ್ ಮತ್ತು ಯುವಕ ವಿಲ್ ಟರ್ನರ್ ಮೊದಲ ಸಲ ಎದುರಾಗುವ ದೃಶ್ಯದಲ್ಲಿ ಇಬ್ಬರ ಸ್ವಭಾವವೂ ಕತ್ತಿಯಲ್ಲೇ ಕಾಣುತ್ತದೆ. ದಿನವೂ ತಾಸುಗಟ್ಟಲೆ ಅಭ್ಯಾಸ ಮಾಡುವ ವಿಲ್‌ನ ಹೆಜ್ಜೆ ಅಚ್ಚುಕಟ್ಟು. ಜ್ಯಾಕ್‌ನ ಕಣ್ಣೆಲ್ಲ ಬಾಗಿಲ ಮೇಲೆ. ಇಬ್ಬರೂ ಕಾದಾಡುತ್ತಲೇ ತೊಲೆಗಳ ಮೇಲೇರುತ್ತಾರೆ, ನಿಯಮ ಮುರಿದವನೇ ಅಲ್ಲಿ ಮೇಲುಗೈ ಸಾಧಿಸುತ್ತಾನೆ. ಈ ಚಿತ್ರದ ಕತ್ತಿಗುರು ಬಾಬ್ ಆ್ಯಂಡರ್ಸನ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ಪರವಾಗಿ ಸ್ಪರ್ಧಿಸಿದ್ದವರು, ಹಳೆಯ ಹಾಲಿವುಡ್ ಸಾಹಸ ಚಿತ್ರಗಳ ನಾಯಕ ಎರಾಲ್ ಫ್ಲಿನ್ ಅವರೊಂದಿಗೂ ಕೆಲಸ ಮಾಡಿದ್ದವರು. ಹೊಡೆತಗಳನ್ನು ತುಂಡುತುಂಡಾಗಿ ಕತ್ತರಿಸದೆ, ಯಾರು ಎಲ್ಲಿ ನಿಂತಿದ್ದಾರೆಂದು ಪ್ರೇಕ್ಷಕನಿಗೆ ಸ್ಪಷ್ಟವಾಗಿ ಕಾಣುವಂತೆ ತೋರಿಸುವ ಹಳೆಯ ಶಿಸ್ತು ಇಲ್ಲಿ ಉಳಿದಿದೆ, ಮತ್ತು ಇಂದಿನ ಸಾಹಸ ಚಿತ್ರಗಳಲ್ಲಿ ನಾನು ತೀವ್ರವಾಗಿ ಬಯಸುವುದು ಅದನ್ನೇ.

ಚಿತ್ರ ಮುಚ್ಚಿಡುವ ಒಂದು ಸತ್ಯವನ್ನು ದೊಡ್ಡ ಮಕ್ಕಳಿಗೆ ಹೇಳುವುದು ಹೆತ್ತವರ ಹೊಣೆ. ಕಥೆ ನಡೆಯುವ ಜಮೈಕಾದ ಪೋರ್ಟ್ ರಾಯಲ್ ನಿಜವಾದ ಊರು. 1692ರ ಜೂನ್ 7ರ ಭೂಕಂಪದಲ್ಲಿ ಅದರ ಬಹುಭಾಗ ಸಮುದ್ರದಲ್ಲಿ ಮುಳುಗಿತು. ಆ ದ್ವೀಪದ ಸಂಪತ್ತಿನ ಬಹುಪಾಲು ಆಫ್ರಿಕಾದಿಂದ ಹಿಡಿದು ತಂದ ಗುಲಾಮರ ದುಡಿಮೆಯಿಂದ ಬಂದದ್ದಾದರೂ, ಗವರ್ನರನ ಬಂಗಲೆಯ ವೈಭವ ತೋರಿಸುವ ಚಿತ್ರ ಅದರ ಬಗ್ಗೆ ಮೌನವಾಗಿದೆ. ನಿಜವಾದ ಕಡಲ್ಗಳ್ಳರೂ ಇಷ್ಟು ಮೋಹಕರಾಗಿರಲಿಲ್ಲ.

ಊರಿನಲ್ಲಿ ಮಕ್ಕಳೊಂದಿಗೆ ಇದನ್ನು ನೋಡಬಯಸುವವರಿಗೆ ಒಂದು ಮಾತು. ವಾಲ್ಟ್ ಡಿಸ್ನಿ ಪಿಕ್ಚರ್ಸ್ ಹೆಸರಿನಲ್ಲಿ ಪಿಜಿ-13 ದರ್ಜೆ ಪಡೆದ ಮೊದಲ ಚಿತ್ರವಿದು. ಅಂದರೆ ಕೆಲವು ದೃಶ್ಯಗಳು 13 ವರ್ಷದೊಳಗಿನವರಿಗೆ ತಕ್ಕುದಲ್ಲದಿರಬಹುದು ಎಂಬ ಎಚ್ಚರಿಕೆ ಅದಕ್ಕಿದೆ. ತೀರ ಚಿಕ್ಕವರಿಗೆ ಬೆಳದಿಂಗಳ ನಿಯಮವನ್ನು ಮೊದಲೇ ಹೇಳಿಬಿಡಿ, ರೋಚಕತೆಯೇನೂ ಕಡಿಮೆಯಾಗುವುದಿಲ್ಲ. 2006ರಿಂದ 2017ರವರೆಗೆ ಬಂದ ನಾಲ್ಕು ಮುಂದುವರಿದ ಭಾಗಗಳ ಕಥೆ ಹೆಚ್ಚು ಜಟಿಲ, ಹಿಂಸೆಯೂ ಹೆಚ್ಚು. ಮಕ್ಕಳು ಹಟ ಹಿಡಿದರೂ ಎರಡನೆಯ ಭಾಗವನ್ನು ಒಂದೆರಡು ವರ್ಷ ಮುಂದೂಡಬಹುದು. ಮೊದಲ ಭಾಗ ತನ್ನಷ್ಟಕ್ಕೆ ತಾನೇ ಪೂರ್ಣವಾಗಿರುವುದರಿಂದ ಅಲ್ಲಿಗೆ ನಿಲ್ಲಿಸಿದರೂ ಕಥೆ ಅರ್ಧಕ್ಕೆ ನಿಂತಂತಾಗುವುದಿಲ್ಲ.