ಜಾತಕ ಕೂಡಿತು, ಮಾತ್ರೆಯ ಮಾತು?

2024 ಜುಲೈ 14, ಭಾನುವಾರ
ನೀರ್ಚಾಲು, ಕಾಸರಗೋಡು

ಶುಭಕಾರ್ಯ ನಡೆಸದ ಆಟಿ ತಿಂಗಳು ಹತ್ತಿರ ಬಂತು. ಅಷ್ಟರೊಳಗೆ ಮಗಳ ಸಂಬಂಧ ಒಂದು ಮಾತಿಗೆ ಬರಲಿ ಎಂದು ಅಕ್ಕನಿಗೆ ಅವಸರ. ಹುಡುಗ ಪುತ್ತೂರು ಕಡೆಯವನು, ಜಾತಕ ಕೂಡಿದೆಯಂತೆ. ಬೆಳಿಗ್ಗೆ ಫೋನಿನಲ್ಲಿ ಅವಳ ಅಪ್ಪಣೆ: “ಮಾತ್ರೆಯ ಸುದ್ದಿ ನೀನು ಈಗ ಎತ್ತಬೇಡ ಮಾರಾಯ್ತಿ. ಮದುವೆ ಆಗಲಿ, ಮತ್ತೆ ನಿಧಾನಕ್ಕೆ ಹೇಳುವ.” ನಾನು ಹೂಂ ಎನ್ನಲಿಲ್ಲ. ಫೋನ್ ಇಟ್ಟಳು.

ಹುಡುಗಿಗೆ ಪಿಯುಸಿಯಲ್ಲಿದ್ದಾಗ ಶುರುವಾದದ್ದು. ಬೆಳಿಗ್ಗೆ ಎದ್ದ ಕೂಡಲೇ ಕೈ ಬೆಚ್ಚಿಬಿದ್ದಂತೆ ಎಗರುವುದು, ಚಾ ಲೋಟ ಹಾರಿಹೋಗುವುದು. ಅಜಾಗ್ರತೆ ಎಂದು ಎಲ್ಲರೂ ಬೈದದ್ದೇ. ಪರೀಕ್ಷೆಗೆ ನಿದ್ದೆಗೆಟ್ಟು ಓದಿದ ಮರುದಿನ ದೊಡ್ಡ ಫಿಟ್ಸ್ ಬಂತು. ಮಂಗಳೂರಿನ ನರರೋಗ ತಜ್ಞರು ಜುವೆನೈಲ್ ಮಯೋಕ್ಲೋನಿಕ್ ಎಪಿಲೆಪ್ಸಿ, ಅಂದರೆ ಹರೆಯದಲ್ಲಿ ಶುರುವಾಗಿ ಕೈಕಾಲು ಎಗರಿಸುವ ಅಪಸ್ಮಾರ ಎಂದು ಹೇಳಿ ಸೋಡಿಯಂ ವಾಲ್ಪ್ರೊಯೇಟ್ ಮಾತ್ರೆ ಬರೆದುಕೊಟ್ಟರು. ಮತ್ತೆ ಫಿಟ್ಸ್ ಬರಲಿಲ್ಲ. ಕೂದಲು ಉದುರಿತು, ಮೈ ಬಂತು, ಅದಕ್ಕೆ ಅತ್ತಳು. ಆದರೆ ಡಿಗ್ರಿ ಮುಗಿಸಿ ಕೆಲಸಕ್ಕೂ ಸೇರಿದಳು. ಹಾಗಾಗಿ ಆ ಮಾತ್ರೆಯನ್ನು ಬೈಯಲು ನನಗೆ ಮನಸ್ಸಿಲ್ಲ.

ಈ ಬಗೆಯ ಅಪಸ್ಮಾರಕ್ಕೆ ಅದರಷ್ಟು ಗಟ್ಟಿ ಮದ್ದು ಸಿಕ್ಕುವುದೂ ಕಷ್ಟ. ಬ್ರಿಟನ್ನಿನಲ್ಲಿ ವಾಲ್ಪ್ರೊಯೇಟನ್ನೂ ಲೆವೆಟಿರಾಸೆಟಮ್ ಎಂಬ ಹೊಸ ಮದ್ದನ್ನೂ ಎದುರುಬದುರು ಇಟ್ಟು ನಡೆಸಿದ ಸನಾಡ್-2 ಅಧ್ಯಯನ 2021ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮಿದುಳಿನ ಎರಡೂ ಬದಿಯಿಂದ ಒಟ್ಟಿಗೇ ಹುಟ್ಟುವ ಫಿಟ್ಸನ್ನು ಹಿಡಿದಿಡುವುದರಲ್ಲಿ ಹಳೆಯ ಮದ್ದಾದ ವಾಲ್ಪ್ರೊಯೇಟೇ ಮುಂದಿತ್ತು.

ಬಸಿರಿನ ಲೆಕ್ಕ ಬೇರೆ. ಯುರಾಪ್ ಎಂಬ ನೋಂದಣಿ 42 ದೇಶಗಳ ಗರ್ಭಿಣಿಯರ ಮಾಹಿತಿ ಕೂಡಿಹಾಕಿ 2018ರಲ್ಲಿ ಪ್ರಕಟಿಸಿದ ಪ್ರಕಾರ, ವಾಲ್ಪ್ರೊಯೇಟ್ ಒಂದನ್ನೇ ತೆಗೆದುಕೊಂಡ ತಾಯಂದಿರ ಮಕ್ಕಳಲ್ಲಿ 100ಕ್ಕೆ 10 ಮಕ್ಕಳಿಗೆ ದೊಡ್ಡ ಜನ್ಮದೋಷ. ಫಿಟ್ಸಿನ ಬೇರೆ ಮದ್ದುಗಳಾದ ಲ್ಯಾಮೊಟ್ರಿಜಿನ್, ಲೆವೆಟಿರಾಸೆಟಮ್‌ಗಳಲ್ಲಿ 3ರ ಒಳಗೆ. ಯಾವ ಮದ್ದೂ ಇಲ್ಲದ ಬಸಿರಿನಲ್ಲಿಯೂ 2-3 ಇದ್ದದ್ದೇ. ಪ್ರಮಾಣವೂ ಮುಖ್ಯ: ದಿನಕ್ಕೆ 650 ಮಿಲಿಗ್ರಾಂ ಒಳಗಿದ್ದರೆ 6ರ ಆಸುಪಾಸು, 1450 ದಾಟಿದರೆ 25. ನಮ್ಮ ಹುಡುಗಿಯದ್ದು ನಡುವಿನ ಪ್ರಮಾಣ. ಕಣ್ಣಿಗೆ ಕಾಣದ ಪೆಟ್ಟು ಇನ್ನೊಂದು. ಅಮೆರಿಕ, ಬ್ರಿಟನ್ನುಗಳಲ್ಲಿ ಮಕ್ಕಳಿಗೆ 6 ವರ್ಷ ಆಗುವವರೆಗೆ ಬೆನ್ನುಹತ್ತಿದ ನೀಡ್ ಅಧ್ಯಯನ (2013) ಕಂಡದ್ದು: ಲ್ಯಾಮೊಟ್ರಿಜಿನ್ ತೆಗೆದುಕೊಂಡವರ ಮಕ್ಕಳ ಸರಾಸರಿ ಬುದ್ಧಿಸೂಚ್ಯಂಕ 108, ವಾಲ್ಪ್ರೊಯೇಟ್‌ನವರದ್ದು 97.

ಅಕ್ಕನ “ಮತ್ತೆ ಹೇಳುವ” ಎಂಬ ಮಾತು ಕೆಡುವುದು ಇಲ್ಲಿಯೇ. ಮುಂದೆ ಮಿದುಳು, ಬೆನ್ನುಹುರಿ ಆಗುವ ಭ್ರೂಣದ ನರನಾಳ ಮುಚ್ಚಿಕೊಳ್ಳುವುದು ಗರ್ಭ ನಿಂತ 4 ವಾರದೊಳಗೆ. ಮುಟ್ಟು ತಪ್ಪಿತಲ್ಲ ಎಂದು ನೆನಪಾಗಿ, ಮಳೆ ಬಿಟ್ಟ ಮೇಲೆ ಡಾಕ್ಟರ ಹತ್ತಿರ ಹೋಗುವ ಎನ್ನುವಷ್ಟರಲ್ಲಿ ಬೆನ್ನುಹುರಿಯ ಕೆಲಸ ಮುಗಿದಿರುತ್ತದೆ. ಆಗ ಹೆದರಿ ಮಾತ್ರೆ ಥಟ್ಟನೆ ಬಿಟ್ಟರೆ ನಿಲ್ಲದ ಫಿಟ್ಸ್ ಬಂದು ತಾಯಿ, ಮಗು ಇಬ್ಬರ ಜೀವಕ್ಕೂ ಸಂಚಕಾರ. ಮದ್ದು ಬದಲಿಸುವುದಿದ್ದರೆ ಮೊದಲೇ, ನಿಧಾನವಾಗಿ ಆಗಬೇಕು. ಲ್ಯಾಮೊಟ್ರಿಜಿನ್ ಅಂತೂ ವಾಲ್ಪ್ರೊಯೇಟ್ ಜೊತೆಗಿದ್ದಾಗ ತೀರ ಸಣ್ಣ ಪ್ರಮಾಣದಿಂದ ವಾರಗಟ್ಟಲೆ ಏರಿಸಬೇಕಾದ ಮದ್ದು, ಅವಸರ ಮಾಡಿದರೆ ಚರ್ಮವೇ ಸುಲಿದುಹೋಗುವ ಅಲರ್ಜಿಯ ಭಯ. ಬಸಿರಿನಲ್ಲಿ ರಕ್ತದಲ್ಲಿ ಅದರ ಮಟ್ಟ ಇಳಿಯುವುದರಿಂದ ಆಗ ಪುನಃ ಹೆಚ್ಚಿಸಬೇಕಾಗಬಹುದು. ಫೋಲಿಕ್ ಆಸಿಡ್ ಕೂಡ ಗರ್ಭ ನಿಲ್ಲುವ ಮೊದಲೇ ಶುರುವಾಗಬೇಕಾದ್ದು. ಇಷ್ಟನ್ನೆಲ್ಲ ಗಂಡನ ಮನೆಯಲ್ಲಿ ಬಚ್ಚಲಿನ ಬಾಗಿಲು ಹಾಕಿಕೊಂಡು ಮಾಡಲಿಕ್ಕೆ ಆಗುತ್ತದೆಯೇ?

ಸಿಟ್ಟು ಬರಿಸುವ ಸಂಗತಿ ಇನ್ನೊಂದುಂಟು. ಅಪಸ್ಮಾರ ಇರುವ ಗರ್ಭಿಣಿಯರನ್ನೂ ಅವರ ಮಕ್ಕಳನ್ನೂ ವರ್ಷಗಟ್ಟಲೆ ಗಮನಿಸುವ ನೋಂದಣಿಯನ್ನು ತಿರುವನಂತಪುರದ ಶ್ರೀ ಚಿತ್ರಾ ವೈದ್ಯಕೀಯ ಸಂಸ್ಥೆ 1998ರಲ್ಲಿಯೇ ತೆರೆದಿದೆ. ಮೇಲೆ ಹೇಳಿದ ಯುರಾಪ್ ಲೇಖನದ ಲೇಖಕರಲ್ಲಿ ಆಗ ಅಲ್ಲಿದ್ದ ಡಾ. ಸಂಜೀವ್ ಥಾಮಸ್ ಒಬ್ಬರು. ನಮ್ಮದೇ ರಾಜ್ಯದ ಕೆಲಸ! ಆದರೆ ನಾವು ಕಾಯಿಲೆ ಬಂದರೆ ತಲಪಾಡಿ ದಾಟಿ ಮಂಗಳೂರಿಗೆ ಹೋಗುವ ಜನ, ತಿರುವನಂತಪುರ ನಮಗೆ 500 ಕಿಲೋಮೀಟರಿಗೂ ಆಚೆ. ನಮ್ಮ ಕಡೆಯ ಮದುವೆ ಮಾತುಕತೆಯಲ್ಲಿ ಆ ಅಂಕಿಗಳನ್ನು ಯಾರೂ ಎತ್ತಿದ್ದು ನಾನು ಕೇಳಿಲ್ಲ.

“ಗೊತ್ತಾದರೆ ಮದುವೆಯೇ ಅಸಿಂಧು ಮಾಡಿಸುತ್ತಾರೆ” ಎಂಬ ಹೆದರಿಕೆ ಭಾವನದ್ದು. ಹಿಂದೂ ವಿವಾಹ ಕಾಯ್ದೆಯಲ್ಲಿ ಅಪಸ್ಮಾರದ ಹೆಸರು ಇತ್ತು, ನಿಜ. 1999ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಕಾಯ್ದೆಯ ಪುಸ್ತಕದಿಂದ ಹೋದದ್ದು ನಮ್ಮ ಚಾವಡಿಯಿಂದ ಹೋಗಿಲ್ಲ, ಅಷ್ಟೇ. ಹಾಗೆ ನೋಡಿದರೆ ಗಂಡಿನ ಕಡೆಯವರನ್ನೂ ಕೇಳಬೇಕು. ಗರ್ಭ ನಿಲ್ಲುವ ಮುಂಚಿನ 3 ತಿಂಗಳಲ್ಲಿ ತಂದೆ ವಾಲ್ಪ್ರೊಯೇಟ್ ತೆಗೆದುಕೊಂಡಿದ್ದರೆ ಮಗುವಿನ ಬೆಳವಣಿಗೆಗೆ ತೊಂದರೆ ಆಗಬಹುದೆಂದು ಯುರೋಪಿನ ಔಷಧ ಸಂಸ್ಥೆ 2024ರ ಜನವರಿಯಲ್ಲಿ ಎಚ್ಚರಿಸಿದೆ. ಸಾಧ್ಯತೆ ಎಂದಷ್ಟೇ, ಖಚಿತವಾಗಿಲ್ಲ. ಆದರೂ ಗಂಡಿನ ಮಾತ್ರೆಡಬ್ಬಿಯನ್ನು ಯಾವ ಹೆಣ್ಣಿನ ಅಪ್ಪ ಕೇಳಿದ್ದಾನೆ?

ಸಂಜೆ ಹುಡುಗಿಯೇ ಬಂದಳು. ಅಮ್ಮನ ಜೊತೆ ಜಗಳ ಮಾಡಿಕೊಂಡೇ ಬಂದಿರಬೇಕು. ಇದನ್ನೆಲ್ಲ ಅವಳ ಮುಂದಿಟ್ಟೆ. ಅತ್ತಾಳು ಎಂದುಕೊಂಡಿದ್ದೆ. “ಹಾಗಾದರೆ ನಾನು ಮಕ್ಕಳನ್ನೇ ಹೆರಬಾರದಾ ಚಿಕ್ಕಮ್ಮ?” ಎಂದು ನೇರ ಕೇಳಿದಳು. ಹಾಗಲ್ಲ, ಅಪಸ್ಮಾರ ಇರುವ ತಾಯಂದಿರಲ್ಲಿ ಹೆಚ್ಚಿನವರಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುವುದು ಎಂದೆ. ಬೇರೆ ಮದ್ದಿಗೆ ಹೊರಳುವಾಗ ಫಿಟ್ಸ್ ಮರಳಿದರೆ ಕೆಲಸ, ಸ್ಕೂಟರ್ ಎರಡಕ್ಕೂ ಕುತ್ತು, ಅದನ್ನೂ ಮುಚ್ಚಿಡಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, ಬದಲಿಸುವುದೋ ಬೇಡವೋ ಎಂದು ಡಾಕ್ಟರ ಹತ್ತಿರ ಕೂತು ತೀರ್ಮಾನಿಸುತ್ತೇನೆ, ಅಲ್ಲಿಯವರೆಗೆ ಒಂದು ಹೊತ್ತೂ ಬಿಡುವುದಿಲ್ಲ ಎಂದಳು. ಹುಡುಗನ ನಂಬರು ಅವಳ ಹತ್ತಿರವೇ ಉಂಟಂತೆ. ಹೇಳುವ ಕೆಲಸ ತನ್ನದು, ಅಮ್ಮನದ್ದೂ ಅಲ್ಲ ನಿಮ್ಮದೂ ಅಲ್ಲ ಎಂದು ನನಗೂ ಒಂದು ಕೊಟ್ಟು ಬಸ್ಸಿಗೆ ಹೊರಟಳು.